ರಾತ್ರಿ ಊಟಾನೇ ಮಾಡಲ್ಲ, ಆದ್ರೂ ಬೆಳಗ್ಗೆ ಶುಗರ್ 158: ಈ ಸಕ್ಕರೆ ಬರೋದೆಲ್ಲಿಂದ?

ಪ್ರಶ್ನೆ: ನಮ್ಮ ಅಮ್ಮಂಗೆ 58 ವರ್ಷ, ಶುಗರ್ ಬಂದು 6 ವರ್ಷ ಆಯ್ತು. ಮೆಟ್‌ಫಾರ್ಮಿನ್ ಮತ್ತೆ ಗ್ಲಿಮೆಪಿರೈಡ್ ಎರಡೂ ಸೇರಿರೋ ಮಾತ್ರೆ ತಗೋತಾರೆ. ಫಾಸ್ಟಿಂಗ್ ಯಾವಾಗ್ಲೂ 150-165 ಬರತ್ತೆ ಅಂತ ಎರಡು ತಿಂಗಳಿಂದ ರಾತ್ರಿ ಊಟಾನೇ ಬಿಟ್ಟಿದಾರೆ, ಒಂದು ಲೋಟ ಮಜ್ಜಿಗೆ ಅಷ್ಟೇ. ಹೋದ ಏಕಾದಶಿ ಪೂರ್ತಿ ಉಪವಾಸ ಇದ್ರು, ಮಾರನೇ ದಿನ ಬೆಳಗ್ಗೆ ನೋಡಿದ್ರೆ 158! ಏನೂ ತಿನ್ನದೇ ಸಕ್ಕರೆ ಎಲ್ಲಿಂದ ಬರತ್ತೆ, ಮೀಟರ್ ಕೆಟ್ಟಿದೆಯಾ? ಪ್ರೋಟೀನು, ಕೊಬ್ಬು ಎಲ್ಲಾನೂ ಸಕ್ಕರೆ ಆಗತ್ತೆ ಅಂತ ಪಕ್ಕದ ಮನೆಯವರು ಹೇಳಿದ್ರು, ಹಾಗಾದ್ರೆ ಬೇಳೆ, ಮೊಟ್ಟೆನೂ ಬಿಡಿಸಬೇಕಾ? (ದಾವಣಗೆರೆಯ ಒಬ್ಬ ಓದುಗರು)

ಉತ್ತರ: ಮೊದಲು ಒಂದು ಮಾತು, ಇದನ್ನ ಇವತ್ತೇ ನಿಮ್ಮ ತಾಯಿಗೆ ಹೇಳಿ. ಗ್ಲಿಮೆಪಿರೈಡ್ ಇರೋ ಮಾತ್ರೆ ತಗೊಂಡು ರಾತ್ರಿ ಊಟ ಬಿಡೋದು ಅಪಾಯ. ಯಾಕೆ ಅಂತ ಕೆಳಗೆ ವಿವರವಾಗಿ ಬರೀತೀನಿ, ಆದ್ರೆ ಪೂರ್ತಿ ಓದೋಕೆ ಟೈಮ್ ಇಲ್ಲ ಅಂದ್ರೂ ಇಷ್ಟಂತೂ ತಿಳ್ಕೊಳ್ಳಿ, ಇವತ್ತು ರಾತ್ರಿಯಿಂದ ಸ್ವಲ್ಪ ಆದ್ರೂ ಊಟ ಮಾಡಲಿ, ಈ ವಾರದಲ್ಲೇ ಡಾಕ್ಟರಿಗೆ ತೋರಿಸಿ.

ಇನ್ನು ಮೀಟರ್ ವಿಷಯ. ಮೀಟರ್ ಕೆಟ್ಟಿಲ್ಲ. ಒಂದೆರಡು ಸಲ ಹೆಚ್ಚುಕಮ್ಮಿ ತೋರಿಸಬಹುದು, ಎರಡು ತಿಂಗಳು ದಿನಾ ಒಂದೇ ಥರ 150-165 ಬರ್ತಿದೆ ಅಂದ್ರೆ ಆ ಸಕ್ಕರೆ ನಿಜವಾಗ್ಲೂ ರಕ್ತದಲ್ಲಿ ಇದೆ. ಅದು ಊಟದಿಂದ ಬಂದಿದ್ದಲ್ಲ ಅಷ್ಟೇ. ರಾತ್ರಿಯಿಡೀ ನಿಮ್ಮ ತಾಯಿಯ ಲಿವರ್ ಅದನ್ನ ಮಾಡಿ ರಕ್ತಕ್ಕೆ ಬಿಡ್ತಾ ಇತ್ತು. ನಿಮ್ಮ ಲಿವರ್ರೂ ಮಾಡತ್ತೆ, ನಂದೂ ಮಾಡತ್ತೆ, ಮಾಡದೇ ಇದ್ರೆ ಯಾರೂ ಬೆಳಗ್ಗೆ ಏಳ್ತಾನೇ ಇರಲಿಲ್ಲ.

ಲೆಕ್ಕ ನೋಡಿ, ಆಗ ಅರ್ಥ ಆಗತ್ತೆ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ, ಶುಗರ್ 100 ಇದೆ ಅಂದ್ರೆ ಅಷ್ಟೂ ರಕ್ತದಲ್ಲಿ ಕರಗಿರೋ ಗ್ಲೂಕೋಸ್ ಬರೀ 5 ಗ್ರಾಂ, ಅಂದ್ರೆ ಒಂದು ಟೀ ಚಮಚ. ಮೆದುಳೊಂದಕ್ಕೇ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕು, ಗಂಟೆಗೆ 5 ಗ್ರಾಂ ಆಯ್ತು, ನಾವು ಮಲಗಿದ್ರೂ ಅದು ಮಲಗಲ್ಲ. ಕೆಂಪು ರಕ್ತಕಣಗಳಿಗೂ ಬೇಕು, ಅವುಗಳ ಒಳಗೆ ಮೈಟೋಕಾಂಡ್ರಿಯಾ (ಜೀವಕೋಶದಲ್ಲಿ ಆಮ್ಲಜನಕ ಬಳಸಿ ಶಕ್ತಿ ತಯಾರಿಸೋ ಭಾಗ) ಅನ್ನೋದೇ ಇಲ್ಲದೇ ಇರೋದ್ರಿಂದ ಗ್ಲೂಕೋಸ್ ಬಿಟ್ಟು ಬೇರೆ ಏನನ್ನೂ ಅವು ಬಳಸೋ ಹಾಗೇ ಇಲ್ಲ. ಅಂದ್ರೆ ರಕ್ತದಲ್ಲಿರೋ ಒಂದು ಚಮಚ ಸಕ್ಕರೆ ಒಂದು ಗಂಟೆಗೂ ಸಾಲಲ್ಲ, ಯಾರೋ ತುಂಬಿಸ್ತಾನೇ ಇರಬೇಕು. ತುಂಬಿಸೋದು ಲಿವರ್. ರಾತ್ರಿ ಹೊತ್ತು ಮೈತೂಕದ ಒಂದೊಂದು ಕೆಜಿಗೆ ನಿಮಿಷಕ್ಕೆ ಸುಮಾರು 2 ಮಿಲಿಗ್ರಾಂ ಗ್ಲೂಕೋಸ್ ರಕ್ತಕ್ಕೆ ಬಿಡತ್ತೆ, 60 ಕೆಜಿ ಇರೋರಿಗೆ ರಾತ್ರಿ 10ರಿಂದ ಬೆಳಗ್ಗೆ 6ರ ಒಳಗೆ ಹೆಚ್ಚುಕಮ್ಮಿ 55-60 ಗ್ರಾಂ. ಹನ್ನೊಂದು-ಹನ್ನೆರಡು ಚಮಚ ಸಕ್ಕರೆ, ಒಂದು ತುತ್ತೂ ತಿನ್ನದೆ.

ಇದನ್ನ ಮೊದಲು ಕಂಡುಹಿಡಿದವರು ಫ್ರಾನ್ಸಿನ ಕ್ಲೋಡ್ ಬರ್ನಾರ್. ಆಗಿನ ಕಾಲಕ್ಕೆ ಸಕ್ಕರೆ ಮಾಡೋದು ಗಿಡಗಳು ಮಾತ್ರ, ಪ್ರಾಣಿಗಳು ತಿಂದು ಖರ್ಚು ಮಾಡ್ತವೆ ಅಷ್ಟೇ ಅಂತ ದೊಡ್ಡ ದೊಡ್ಡ ರಸಾಯನಶಾಸ್ತ್ರಜ್ಞರೇ ನಂಬಿದ್ರು. ಬರ್ನಾರ್ ನಾಯಿಗಳಿಗೆ ಬರೀ ಮಾಂಸ ತಿನ್ನಿಸಿ, ಲಿವರಿಂದ ಹೊರಗೆ ಬರೋ ರಕ್ತ ಪರೀಕ್ಷೆ ಮಾಡಿದ್ರೆ ಅದರಲ್ಲಿ ಸಕ್ಕರೆ! ಇದು 1848ರಲ್ಲಿ. 1855ರಲ್ಲಿ ಇನ್ನೊಂದು ಪ್ರಯೋಗ ಮಾಡಿದ್ರು, ನಂಗೆ ಬಹಳ ಇಷ್ಟ ಅದು. ಆಗಷ್ಟೇ ಸತ್ತ ನಾಯಿಯ ಲಿವರ್ ತೆಗೆದು ಅದರ ರಕ್ತನಾಳದೊಳಗೆ ನೀರು ಹರಿಸಿ ಹರಿಸಿ ತೊಳೆದ್ರು, ಹೊರಗೆ ಬರೋ ನೀರಲ್ಲಿ ಸಕ್ಕರೆ ಇಲ್ಲವೇ ಇಲ್ಲ ಅನ್ನೋವರೆಗೆ. ಆಮೇಲೆ ಅದನ್ನ ಹಾಗೇ ಇಟ್ಟು ಮಾರನೇ ದಿನ ನೋಡಿದ್ರೆ ಅದೇ ಲಿವರಲ್ಲಿ ಮತ್ತೆ ಧಾರಾಳವಾಗಿ ಸಕ್ಕರೆ ಇತ್ತು. ಅಂದ್ರೆ ಲಿವರ್ ಒಳಗೇ ಏನೋ ದಾಸ್ತಾನಿದೆ, ಅದರಿಂದ ಸಕ್ಕರೆ ಆಗ್ತಿದೆ. ಆ ದಾಸ್ತಾನನ್ನ ಬೇರ್ಪಡಿಸಿ 1857ರಲ್ಲಿ ಗ್ಲೈಕೋಜೆನ್ ಅಂತ ಹೆಸರಿಟ್ರು.

ಗ್ಲೈಕೋಜೆನ್ ಅಂದ್ರೆ ಊಟ ಆದ್ಮೇಲೆ ಹೆಚ್ಚಾದ ಗ್ಲೂಕೋಸನ್ನ ಲಿವರ್ ಕಟ್ಟಿಟ್ಟುಕೊಳ್ಳೋ ರೂಪ. ಹೊಟ್ಟೆ ತುಂಬ ಉಂಡಾಗ ಲಿವರಲ್ಲಿ ಇದು 80-100 ಗ್ರಾಂ ಇರತ್ತೆ. ಮಾಂಸಖಂಡದಲ್ಲಿ ಇದಕ್ಕಿಂತ ಜಾಸ್ತಿ, ಸುಮಾರು 400 ಗ್ರಾಂ ಇದ್ರೂ ರಕ್ತದ ಶುಗರಿಗೆ ಅದರಿಂದ ನೇರ ಉಪಯೋಗ ಇಲ್ಲ, ಕೊನೇ ಹಂತದಲ್ಲಿ ಗ್ಲೂಕೋಸನ್ನ ಜೀವಕೋಶದಿಂದ ಹೊರಗೆ ಬಿಡೋಕೆ ಬೇಕಾದ ಗ್ಲೂಕೋಸ್-6-ಫಾಸ್ಫಟೇಸ್ ಅನ್ನೋ ಎಂಜೈಮ್ ಮಾಂಸಖಂಡದಲ್ಲಿ ಇಲ್ಲ. ಹಾಗಾಗಿ ಅದು ತನ್ನ ಗ್ಲೈಕೋಜೆನ್ ತಾನೇ ಬಳಸ್ಕೊಳ್ಳತ್ತೆ. ಲಿವರಿನ 100 ಗ್ರಾಂ ಹೆಚ್ಚು ಅಂದ್ರೆ ಒಂದು ದಿನಕ್ಕೆ ಬರತ್ತೆ. ಏಕಾದಶಿ ಉಪವಾಸ ದ್ವಾದಶಿ ಪಾರಣೆ ತನಕ ನಡೀತು ಅಂದ್ರೆ 30-36 ಗಂಟೆ ಆಗಿಬಿಡತ್ತೆ, ಆ ಹೊತ್ತಿಗೆ ಲಿವರಿನ ಗ್ಲೈಕೋಜೆನ್ ಹೆಚ್ಚುಕಮ್ಮಿ ಖಾಲಿ. ಆದ್ರೂ ನಿಮ್ಮ ತಾಯಿಗೆ 158 ಬಂತಲ್ಲ, ಅದು ಎಲ್ಲಿಂದ ಅನ್ನೋದೇ ನಿಮ್ಮ ಪ್ರಶ್ನೆಯ ತಿರುಳು.

ಅಕ್ಕಿ, ರಾಗಿ, ಸಕ್ಕರೆ ಯಾವುದೂ ಇಲ್ಲದೇ, ಬೇರೆ ವಸ್ತುಗಳಿಂದ ಲಿವರ್ ಹೊಸದಾಗಿ ಗ್ಲೂಕೋಸ್ ಕಟ್ಟತ್ತೆ, ಇದಕ್ಕೆ ಗ್ಲುಕೋನಿಯೋಜೆನೆಸಿಸ್ ಅಂತಾರೆ. ಇದೇನು ಗ್ಲೈಕೋಜೆನ್ ಖಾಲಿಯಾದ್ಮೇಲೆ ಶುರು ಆಗೋದಲ್ಲ, ಮಾಮೂಲಿ ದಿನ ರಾತ್ರಿ ಉಂಡು ಮಲಗಿ ಬೆಳಗ್ಗೆ ಎದ್ದಾಗಲೂ ಲಿವರ್ ಬಿಡ್ತಿರೋ ಗ್ಲೂಕೋಸಲ್ಲಿ ಸುಮಾರು ಅರ್ಧ ಹೀಗೆ ಹೊಸದಾಗಿ ಮಾಡಿದ್ದೇ ಆಗಿರತ್ತೆ. ಉಪವಾಸ ಎರಡನೇ ದಿನಕ್ಕೆ ಬಂದ್ರೆ ಬಹುಪಾಲು ಇದೇ. ಲಿವರ್ ಜೊತೆಗೆ ಕಿಡ್ನಿನೂ ಈ ಕೆಲಸ ಮಾಡತ್ತೆ, ಉಪವಾಸ ವಾರಗಟ್ಟಲೆ ನಡೆದ್ರೆ ಕಿಡ್ನಿ ಪಾಲು ಇನ್ನೂ ಜಾಸ್ತಿ ಆಗತ್ತೆ.

ಕಚ್ಚಾ ಸಾಮಾನು ಮುಖ್ಯವಾಗಿ ಮೂರು ಕಡೆಯಿಂದ ಬರತ್ತೆ. ಒಂದು ಲ್ಯಾಕ್ಟೇಟ್. ಕೆಂಪು ರಕ್ತಕಣಗಳು, ಜೋರಾಗಿ ಕೆಲಸ ಮಾಡೋ ಮಾಂಸಖಂಡಗಳು ಗ್ಲೂಕೋಸನ್ನ ಅರ್ಧಕ್ಕೇ ಒಡೆದು ಲ್ಯಾಕ್ಟೇಟ್ ಮಾಡಿ ರಕ್ತಕ್ಕೆ ಬಿಡ್ತವೆ, ಲಿವರ್ ಅದನ್ನ ಎತ್ಕೊಂಡು ಮತ್ತೆ ಗ್ಲೂಕೋಸ್ ಮಾಡಿ ವಾಪಸ್ ಕಳಿಸತ್ತೆ. ಪ್ರಾಗ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಕಾರ್ಲ್ ಕೋರಿ, ಗರ್ಟಿ ಕೋರಿ ಅನ್ನೋ ಗಂಡ-ಹೆಂಡತಿ ಈ ಸುತ್ತಾಟ ತೋರಿಸಿಕೊಟ್ರು, ಅದಕ್ಕೇ ಕೋರಿ ಸೈಕಲ್ ಅಂತ ಹೆಸರು. ಇಬ್ಬರಿಗೂ 1947ರಲ್ಲಿ ನೊಬೆಲ್ ಬಂತು, ವೈದ್ಯಕೀಯದಲ್ಲಿ ನೊಬೆಲ್ ಪಡೆದ ಮೊದಲ ಮಹಿಳೆ ಗರ್ಟಿ. ಈ ಸುತ್ತಾಟದಲ್ಲಿ ದೇಹಕ್ಕೆ ನಷ್ಟಾನೇ, ಒಂದು ಗ್ಲೂಕೋಸ್ ಲ್ಯಾಕ್ಟೇಟ್ ಆದಾಗ ಸಿಗೋದು 2 ಎಟಿಪಿ (ಜೀವಕೋಶ ಶಕ್ತಿಯನ್ನ ಖರ್ಚು ಮಾಡೋ ನಾಣ್ಯ ಇದ್ದ ಹಾಗೆ), ಅದನ್ನ ವಾಪಸ್ ಗ್ಲೂಕೋಸ್ ಮಾಡೋಕೆ ಲಿವರಿಗೆ ಖರ್ಚು 6. ಗ್ಲೂಕೋಸ್ ಒಡೆಯೋ ದಾರಿಯಲ್ಲಿ ಮೂರು ಹಂತಗಳು ಒಂದೇ ದಿಕ್ಕಿಗೆ ಹೋಗೋವು, ಹಿಂದಕ್ಕೆ ಬರೋಕೆ ಆಗಲ್ಲ, ಆ ಮೂರನ್ನೂ ಲಿವರ್ ಬೇರೆ ಎಂಜೈಮ್ ಇಟ್ಕೊಂಡು ಬಳಸು ದಾರಿಯಲ್ಲಿ ದಾಟತ್ತೆ, ಖರ್ಚು ಹೆಚ್ಚಾಗೋದು ಅಲ್ಲೇ. ಆ ಖರ್ಚಿಗೆ ಬೇಕಾದ ಶಕ್ತಿ ಬರೋದು ಕೊಬ್ಬು ಸುಡೋದ್ರಿಂದ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

ಎರಡನೇದು ಅಮೈನೋ ಆಸಿಡ್‌ಗಳು, ಅಂದ್ರೆ ಪ್ರೋಟೀನಿನ ತುಂಡುಗಳು. ಇಪ್ಪತ್ತರಲ್ಲಿ ಲ್ಯೂಸಿನ್, ಲೈಸಿನ್ ಎರಡು ಬಿಟ್ಟು ಮಿಕ್ಕ ಹದಿನೆಂಟರಿಂದಲೂ ಗ್ಲೂಕೋಸ್ ಮಾಡಬಹುದು. ಉಪವಾಸದಲ್ಲಿ ಮಾಂಸಖಂಡ ಕರಗಿ ಅದರಿಂದ ಮುಖ್ಯವಾಗಿ ಅಲನಿನ್ ಮತ್ತೆ ಗ್ಲುಟಮಿನ್ ಹೊರಗೆ ಬರತ್ತೆ, ಅಲನಿನ್ನನ್ನ ಲಿವರ್, ಗ್ಲುಟಮಿನ್ನನ್ನ ಹೆಚ್ಚಾಗಿ ಕಿಡ್ನಿ ಎತ್ಕೊಳ್ಳತ್ತೆ. ಪೂರ್ತಿ ಉಪವಾಸದ ಮೊದಲ ಕೆಲವು ದಿನ ದಿನಕ್ಕೆ ಸುಮಾರು 75 ಗ್ರಾಂ ಮಾಂಸಖಂಡದ ಪ್ರೋಟೀನ್ ಹೀಗೆ ಹೋಗತ್ತೆ. ಹೀಗೇ ಹೋಗ್ತಿದ್ರೆ ಮನುಷ್ಯ ಬೇಗ ಸತ್ತೇ ಹೋಗಬೇಕಿತ್ತು, ಯಾಕೆ ಹೋಗಲ್ಲ ಅನ್ನೋದನ್ನ 1960ರ ದಶಕದಲ್ಲಿ ಬಾಸ್ಟನ್ನಿನಲ್ಲಿ ಜಾರ್ಜ್ ಕೇಹಿಲ್ ಮತ್ತೆ ಅವರ ಜೊತೆಗಾರರು ತೋರಿಸಿದ್ರು. ಬಹಳ ದಪ್ಪ ಇದ್ದ ಸ್ವಯಂಸೇವಕರನ್ನ ಆಸ್ಪತ್ರೆಯಲ್ಲೇ ಇಟ್ಕೊಂಡು ಐದಾರು ವಾರ ಉಪವಾಸ ಮಾಡಿಸಿ ಮೆದುಳಿಗೆ ಹೋಗೋ ರಕ್ತ, ಅಲ್ಲಿಂದ ವಾಪಸ್ ಬರೋ ರಕ್ತ ಎರಡನ್ನೂ ಅಳೆದ್ರೆ, ಮೆದುಳು ತನಗೆ ಬೇಕಾದ ಶಕ್ತಿಯ ಅರ್ಧಕ್ಕಿಂತ ಹೆಚ್ಚನ್ನ ಕೊಬ್ಬಿನಿಂದ ಆದ ಕೀಟೋನುಗಳಿಂದ ತಗೊಳ್ತಿತ್ತು. ಗ್ಲೂಕೋಸ್ ಬೇಡಿಕೆ ಇಳೀತು, ಮಾಂಸಖಂಡ ಕರಗೋದೂ ದಿನಕ್ಕೆ 20 ಗ್ರಾಮಿಗೆ ಇಳೀತು. ಆದ್ರೆ ಇದು ವಾರಗಟ್ಟಲೆ ಆದ್ಮೇಲೆ. ಒಂದೆರಡು ದಿನದ ಉಪವಾಸದಲ್ಲಿ ಆ ಉಳಿತಾಯ ಇನ್ನೂ ಶುರುವಾಗಿರಲ್ಲ.

ಮೂರನೇದು ಕೊಬ್ಬು, ಇಲ್ಲೇ ನಿಮ್ಮ ಪಕ್ಕದ ಮನೆಯವರ ಮಾತು ಅರ್ಧ ಮಾತ್ರ ಸರಿ. ಕೊಬ್ಬಿನ ಒಂದೊಂದು ಅಣುವಿನಲ್ಲೂ ಒಂದು ಗ್ಲಿಸರಾಲ್, ಮೂರು ಫ್ಯಾಟಿ ಆಸಿಡ್. ಗ್ಲಿಸರಾಲ್ ಗ್ಲೂಕೋಸ್ ಆಗತ್ತೆ, ಎರಡು ಗ್ಲಿಸರಾಲ್ ಸೇರಿ ಒಂದು ಗ್ಲೂಕೋಸ್. ಆದ್ರೆ ಅದು ಕೊಬ್ಬಿನ ತೂಕದಲ್ಲಿ ಹತ್ತನೇ ಒಂದು ಭಾಗ ಅಷ್ಟೇ. ಮಿಕ್ಕ ಫ್ಯಾಟಿ ಆಸಿಡ್‌ಗಳು ಎರಡೆರಡು ಇಂಗಾಲದ ತುಂಡುಗಳಾಗಿ ಒಡೆದು ಅಸಿಟೈಲ್ ಕೋಎ ಆಗ್ತವೆ, ಅಲ್ಲಿಂದ ಗ್ಲೂಕೋಸಿಗೆ ವಾಪಸ್ ದಾರಿ ಮನುಷ್ಯನ ದೇಹದಲ್ಲಿ ಇಲ್ಲ, ಎರಡು ಇಂಗಾಲ ಒಳಗೆ ಹೋದ್ರೆ ಎರಡು ಇಂಗಾಲ ಕಾರ್ಬನ್ ಡೈಆಕ್ಸೈಡ್ ಆಗಿ ಹೊರಗೆ ಹೋಗಿಬಿಡತ್ತೆ, ಉಳಿಯೋದು ಸೊನ್ನೆ. ಎಣ್ಣೆ ಬೀಜಗಳಿಗೆ ಈ ದಾರಿ ಇದೆ, ಹರಳು ಬೀಜ ಮೊಳಕೆ ಒಡೆಯುವಾಗ ತನ್ನೊಳಗಿನ ಎಣ್ಣೆಯನ್ನೇ ಸಕ್ಕರೆ ಮಾಡ್ಕೊಂಡು ಬೆಳೆಯತ್ತೆ. ಒಂದು ಹರಳು ಬೀಜ ಮಾಡೋ ಕೆಲಸ ನಮ್ಮ ಲಿವರ್ ಕೈಲಿ ಆಗಲ್ಲ, ಪಾಠ ಮಾಡುವಾಗ ಈ ಜಾಗಕ್ಕೆ ಬಂದಾಗೆಲ್ಲ ನಂಗೆ ಈಗಲೂ ಆಶ್ಚರ್ಯ ಆಗತ್ತೆ.

ಹಾಗಂತ ಕೊಬ್ಬಿಗೂ ಬೆಳಗಿನ ಶುಗರಿಗೂ ಸಂಬಂಧ ಇಲ್ಲ ಅಂತಲ್ಲ. ಗ್ಲೂಕೋಸ್ ಕಟ್ಟೋಕೆ ಬೇಕಾದ ಶಕ್ತಿ ಕೊಬ್ಬು ಸುಡೋದ್ರಿಂದ ಬರತ್ತೆ ಅಂದೆ ಅಲ್ವಾ. ಅಷ್ಟೇ ಅಲ್ಲ, ಅದೇ ಅಸಿಟೈಲ್ ಕೋಎ ಜಾಸ್ತಿ ಆದಾಗ ಗ್ಲುಕೋನಿಯೋಜೆನೆಸಿಸ್‌ನ ಮೊದಲ ಎಂಜೈಮು, ಪೈರುವೇಟ್ ಕಾರ್ಬಾಕ್ಸಿಲೇಸ್, ಇನ್ನೂ ಚುರುಕಾಗತ್ತೆ. ಹೊಟ್ಟೆ ಭಾಗದಲ್ಲಿ ಬೊಜ್ಜು ಇದ್ದು ಇನ್ಸುಲಿನ್ ಮಾತು ಸರಿಯಾಗಿ ನಡೀತಿಲ್ಲ ಅಂದ್ರೆ ಅಲ್ಲಿಂದ ಫ್ಯಾಟಿ ಆಸಿಡ್ ರಾತ್ರಿಯಿಡೀ ಲಿವರಿಗೆ ಹರೀತಾನೇ ಇರತ್ತೆ, ಲಿವರ್ ಗ್ಲೂಕೋಸ್ ಮಾಡ್ತಾನೇ ಇರತ್ತೆ. ಸೊಂಟದ ಸುತ್ತಳತೆ ಕಮ್ಮಿ ಮಾಡಿ ಅಂತ ಡಾಕ್ಟರು ಪದೇ ಪದೇ ಹೇಳೋದಕ್ಕೆ ಇದೂ ಒಂದು ಕಾರಣ.

ಮನೆಯಲ್ಲಿ ಹಸು ಇರೋರಿಗೆ ಇದೆಲ್ಲ ಇನ್ನೂ ಚೆನ್ನಾಗಿ ಕಾಣತ್ತೆ. ಹಸು ದಿನವಿಡೀ ಹುಲ್ಲು ಮೇಯ್ದು ಮೆಲುಕು ಹಾಕತ್ತೆ, ಆದ್ರೆ ಅದರ ಕರುಳಿಂದ ರಕ್ತಕ್ಕೆ ಗ್ಲೂಕೋಸ್ ಹೋಗೋದು ತುಂಬಾ ಕಮ್ಮಿ, ಮೊದಲ ಹೊಟ್ಟೆಯಲ್ಲಿರೋ ಸೂಕ್ಷ್ಮಜೀವಿಗಳೇ ಎಲ್ಲಾ ಹುದುಗಿಸಿಬಿಡ್ತವೆ. ಆ ಹುದುಗಿನಲ್ಲಿ ಬರೋ ಪ್ರೊಪಿಯೋನೇಟ್ ಅನ್ನೋ ಆಮ್ಲವನ್ನ ಲಿವರ್ ಗ್ಲೂಕೋಸ್ ಮಾಡತ್ತೆ. 20 ಲೀಟರ್ ಕೊಡೋ ಹಸುವಿನ ಹಾಲಲ್ಲಿ ದಿನಕ್ಕೆ ಹತ್ತಿರ ಹತ್ತಿರ ಒಂದು ಕೆಜಿ ಲ್ಯಾಕ್ಟೋಸ್ ಹೊರಗೆ ಬರತ್ತೆ, ಅದಕ್ಕೆ ಬೇಕಾದ ಗ್ಲೂಕೋಸ್ ಹೆಚ್ಚುಕಮ್ಮಿ ಪೂರ್ತಿ ಲಿವರ್ ಕಟ್ಟಿದ್ದೇ. ಕರು ಹಾಕಿದ ಮೊದಲ ವಾರಗಳಲ್ಲಿ ಹಾಲು ಏರತ್ತೆ, ಮೇವು ಅಷ್ಟು ಏರಲ್ಲ, ಆಗ ಲಿವರ್ ಕೈಲಿ ಆಗದೇ ಹಸುವಿಗೆ ಕೀಟೋಸಿಸ್, ಅಂದ್ರೆ ರಕ್ತದಲ್ಲಿ ಕೀಟೋನುಗಳು ವಿಪರೀತ ಹೆಚ್ಚಾಗೋ ಕಾಯಿಲೆ, ಬರತ್ತೆ. ಮೇವು ಬಿಡತ್ತೆ, ಹಾಲು ಇಳಿಯತ್ತೆ, ಉಸಿರಲ್ಲಿ ನೇಲ್ ಪಾಲಿಶ್ ತೆಗೆಯೋ ದ್ರಾವಣದ ವಾಸನೆ ಬರತ್ತೆ, ಪಶು ಡಾಕ್ಟರು ಬಂದು ನರಕ್ಕೆ ಗ್ಲೂಕೋಸ್ ಬಾಟಲಿ ಹಾಕ್ತಾರೆ.

ಈಗ ನಿಮ್ಮ ತಾಯಿ ವಿಷಯಕ್ಕೆ. ಲಿವರಿಗೆ ಎಷ್ಟು ಮಾಡು ಅಂತ ಹೇಳೋದು ಹಾರ್ಮೋನುಗಳು. ಗ್ಲುಕಗಾನ್, ಕಾರ್ಟಿಸಾಲ್, ಅಡ್ರಿನಲಿನ್, ಗ್ರೋತ್ ಹಾರ್ಮೋನ್ ಇವೆಲ್ಲ ಮಾಡು ಅಂತವೆ, ಸಾಕು ನಿಲ್ಲಿಸು ಅನ್ನೋದು ಇನ್ಸುಲಿನ್ ಒಂದೇ. ಟೈಪ್ 2 ಡಯಾಬಿಟಿಸ್‌ನಲ್ಲಿ ಆ ಒಂದು ಮಾತು ಲಿವರಿಗೆ ಸರಿಯಾಗಿ ತಲುಪಲ್ಲ, ಗ್ಲುಕಗಾನ್ ಬೇರೆ ಇರಬೇಕಾದ್ದಕ್ಕಿಂತ ಜಾಸ್ತಿ ಇರತ್ತೆ. ಇದರ ಮೇಲೆ ಬೆಳಗಿನ ಜಾವ ಮೂರು ಗಂಟೆ ಆದ್ಮೇಲೆ ಎಲ್ಲರಿಗೂ ಕಾರ್ಟಿಸಾಲ್ ಏರೋಕೆ ಶುರು ಆಗತ್ತೆ, ಗ್ರೋತ್ ಹಾರ್ಮೋನಿನ ಪ್ರಭಾವಾನೂ ಆಗ ಕಾಣತ್ತೆ. ಶುಗರ್ ಇಲ್ಲದವರಲ್ಲಿ ಸ್ವಲ್ಪ ಇನ್ಸುಲಿನ್ ಹೆಚ್ಚು ಬಂದು ಸರಿ ಹೋಗತ್ತೆ, ಇರೋರಲ್ಲಿ ಏರಿದ್ದು ಏರಿದ ಹಾಗೇ ಇರತ್ತೆ. ಇದಕ್ಕೆ ಡಾನ್ ಫಿನಾಮಿನನ್ ಅಂತಾರೆ. ಹಾಗಾಗಿ ಊಟ ಬಿಟ್ರೆ ಫಾಸ್ಟಿಂಗ್ ಇಳಿಯತ್ತೆ ಅನ್ನೋ ಲೆಕ್ಕ ಇಲ್ಲಿ ನಡಿಯಲ್ಲ, ಊಟ ಬಿಟ್ಟಷ್ಟೂ ಇನ್ಸುಲಿನ್ ಇಳಿದು ಗ್ಲುಕಗಾನ್ ಏರತ್ತೆ, ಲಿವರ್ ಮಾಡೋ ಕೆಲಸಕ್ಕೆ ಇನ್ನೂ ಒತ್ತಾಸೆ ಸಿಗತ್ತೆ. ಅದರ ಜೊತೆಗೆ 58ರ ವಯಸ್ಸಲ್ಲಿ ಮಾಂಸಖಂಡ ಬೇರೆ ಕರಗತ್ತೆ, ಊಟದ ನಂತರದ ಸಕ್ಕರೆಯನ್ನ ಹೆಚ್ಚಾಗಿ ಎಳ್ಕೊಳ್ಳೋದು ಅದೇ ಮಾಂಸಖಂಡ.

ಮೆಟ್‌ಫಾರ್ಮಿನ್ ಮುಖ್ಯವಾಗಿ ಲಿವರ್ ಹೀಗೆ ಗ್ಲೂಕೋಸ್ ಮಾಡೋದನ್ನ ಕಮ್ಮಿ ಮಾಡೋ ಮಾತ್ರೆ, ಪೂರ್ತಿ ನಿಲ್ಲಿಸಲ್ಲ, ಒಂದೇ ತಗೊಂಡ್ರೆ ಶುಗರ್ ತೀರಾ ಕೆಳಗೆ ಬೀಳೋದು ಅಪರೂಪ. ಗ್ಲಿಮೆಪಿರೈಡ್ ಕಥೆ ಬೇರೆ. ಅದು ಹೊಟ್ಟೆಯಲ್ಲಿ ಊಟ ಇದೆಯಾ ಇಲ್ವಾ ನೋಡಲ್ಲ, ಮೇದೋಜ್ಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸತ್ತೆ. ಊಟ ಇಲ್ಲದ ರಾತ್ರಿ ಮೈಗೆ ಸಕ್ಕರೆ ಕೊಡೋದು ಲಿವರ್ ಒಂದೇ, ಆ ಇನ್ಸುಲಿನ್ ಜಾಸ್ತಿ ಆಗಿಬಿಟ್ರೆ ಲಿವರಿಗೂ ನಿಲ್ಲಿಸು ಅನ್ನತ್ತೆ. ನಿಮ್ಮ ತಾಯಿಗೆ ಬೆಳಗ್ಗೆ 158 ಇದೆ ಅಂದ ಮಾತ್ರಕ್ಕೆ ರಾತ್ರಿ 2 ಗಂಟೆಗೆ ಎಷ್ಟಿತ್ತು ಅಂತ ಹೇಳೋಕೆ ಆಗಲ್ಲ. ನಿದ್ದೆಯಲ್ಲಿ ಬೆವರೋದು, ಕೆಟ್ಟ ಕನಸು, ಬೆಳಗ್ಗೆ ಎದ್ದಾಗ ತಲೆನೋವು, ಬಟ್ಟೆ ಒದ್ದೆ, ಹೀಗೇನಾದ್ರೂ ಇದೆಯಾ ಅಂತ ಕೇಳಿ ನೋಡಿ, ಅವರಾಗೇ ಹೇಳಲ್ಲ.

ಲಿವರಿನ ಈ ಕೆಲಸ ನಿಂತ್ರೆ ಏನಾಗತ್ತೆ ಅನ್ನೋದಕ್ಕೆ ಬಿಹಾರದ ಮುಜಫರ್‌ಪುರದ ಮಕ್ಕಳಿಗಿಂತ ಬೇರೆ ಉದಾಹರಣೆ ಬೇಡ. ಅಲ್ಲಿ 1995ರಿಂದ ಮೇ-ಜೂನ್ ತಿಂಗಳು ಬಂತು ಅಂದ್ರೆ ಬಡವರ ಮನೆಯ ಪುಟ್ಟ ಮಕ್ಕಳು ರಾತ್ರಿ ಚೆನ್ನಾಗೇ ಮಲಗಿ ಬೆಳಗಿನ ಜಾವ ಫಿಟ್ಸ್ ಬಂದು ಪ್ರಜ್ಞೆ ತಪ್ಪಿ ಸಾಯ್ತಿದ್ರು, ಎಷ್ಟೋ ವರ್ಷ ವೈರಸ್ಸಿಂದ ಬರೋ ಮೆದುಳು ಜ್ವರ ಅಂತಲೇ ಹುಡುಕ್ತಿದ್ರು. 2014ರಲ್ಲಿ ನಡೆದ ತನಿಖೆ, 2017ರಲ್ಲಿ ಪ್ರಕಟ ಆಯ್ತು, ಲಿಚಿ ಹಣ್ಣಲ್ಲಿರೋ ಹೈಪೋಗ್ಲೈಸಿನ್ ಎ ಮತ್ತೆ ಎಂಸಿಪಿಜಿ ಅನ್ನೋ ಎರಡು ವಸ್ತುಗಳ ಕಡೆ ಬೆರಳು ಮಾಡ್ತು. ಇವು ಫ್ಯಾಟಿ ಆಸಿಡ್ ಸುಡೋದನ್ನೇ ತಡೆದುಬಿಡ್ತವೆ, ಶಕ್ತಿ ಇಲ್ಲ ಅಂದ್ಮೇಲೆ ಲಿವರ್ ಗ್ಲೂಕೋಸ್ ಕಟ್ಟೋದು ಹೇಗೆ? ಹಗಲೆಲ್ಲ ತೋಟದಲ್ಲಿ ಲಿಚಿ ತಿಂದು ಸಂಜೆ ಊಟ ಇಲ್ಲದೇ ಮಲಗಿದ ಮಕ್ಕಳಿಗೇ ಅಪಾಯ ಬಹಳ ಹೆಚ್ಚು ಅಂತ ಕಂಡುಬಂತು. ಆ ಮಕ್ಕಳ ಲಿವರಲ್ಲಿ ಗ್ಲೈಕೋಜೆನ್ ಮೊದಲೇ ಕಮ್ಮಿ, ಅದು ಮುಗಿದ ಮೇಲೆ ಹೊಸದಾಗಿ ಮಾಡೋ ದಾರಿನೂ ಬಂದ್. ಹಾಗಾಗಿ ಕೊಟ್ಟ ಸಲಹೆಗಳು ಎಷ್ಟು ಸರಳ ನೋಡಿ, ಮಕ್ಕಳಿಗೆ ರಾತ್ರಿ ಊಟ ಹಾಕಿ ಮಲಗಿಸಿ, ಫಿಟ್ಸ್ ಬಂದ ಮಗುವಿಗೆ ತಕ್ಷಣ ಶುಗರ್ ನೋಡಿ ಗ್ಲೂಕೋಸ್ ಕೊಡಿ. ಇದನ್ನ ಓದಿದಾಗೆಲ್ಲ ಹೊಟ್ಟೆ ಉರಿಯತ್ತೆ, ಒಂದು ತಟ್ಟೆ ಅನ್ನ ಸಿಕ್ಕಿದ್ರೆ ಎಷ್ಟು ಮಕ್ಕಳು ಉಳೀತಿದ್ವೋ. ಚೆನ್ನಾಗಿ ಉಂಡು ತಿಂದು ಇರೋರು ನಾಲ್ಕು ಲಿಚಿ ತಿಂದ್ರೆ ಏನೂ ಆಗಲ್ಲ, ಗಾಬರಿ ಬೇಡ.

ಮನೆಯಲ್ಲಿ ಬೇರೆ ಯಾರಾದ್ರೂ ಶುಗರ್ ಇರೋರು ಕುಡಿಯೋ ಅಭ್ಯಾಸದವರಿದ್ರೆ ಅವರಿಗೂ ಇದೇ ಮಾತು. ಲಿವರ್ ಆಲ್ಕೋಹಾಲನ್ನ ಸಂಭಾಳಿಸುವಾಗ ಅದರೊಳಗಿನ ರಾಸಾಯನಿಕ ಸ್ಥಿತಿ ಬದಲಾಗಿ ಲ್ಯಾಕ್ಟೇಟ್, ಅಲನಿನ್ ಗ್ಲೂಕೋಸ್ ಆಗೋ ದಾರಿ ಕಟ್ಟಿಹೋಗತ್ತೆ. ಖಾಲಿ ಹೊಟ್ಟೆಯಲ್ಲಿ ಕುಡಿದು, ಇನ್ಸುಲಿನ್ನೋ ಗ್ಲಿಮೆಪಿರೈಡೋ ತಗೊಂಡು ಮಲಗಿದ್ರೆ ಬೆಳಗ್ಗೆ ಏಳದೇ ಇರಬಹುದು, ಕುಡಿದು ಬಿದ್ದಿದಾನೆ ಅಂತ ಮನೆಯವರು ಸುಮ್ಮನೆ ಬಿಟ್ಟಿರ್ತಾರೆ.

ಬೇಳೆ, ಮೊಟ್ಟೆ ಬಿಡಬೇಕಾ ಅಂದ್ರೆ, ಖಂಡಿತ ಬೇಡ. ಪ್ರೋಟೀನಿಂದ ಗ್ಲೂಕೋಸ್ ಆಗಬಹುದು ಅನ್ನೋದು ನಿಜ, ಆದ್ರೆ ಎಷ್ಟು ಮಾಡಬೇಕು ಅನ್ನೋದನ್ನ ನಿರ್ಧಾರ ಮಾಡೋದು ಹಾರ್ಮೋನು, ಸಾಮಾನು ಎಷ್ಟು ಬಂತು ಅನ್ನೋದಲ್ಲ. ಎರಡು ಮೊಟ್ಟೆ ತಿಂದ ಮಾತ್ರಕ್ಕೆ ಶುಗರ್ ಅನ್ನ ತಿಂದಂಗೆ ಏರಲ್ಲ. ಉಲ್ಟಾ, ಹೊರಗಿಂದ ಪ್ರೋಟೀನ್ ಬರದೇ ಇದ್ರೆ ಲಿವರ್ ಮೈಯಲ್ಲಿರೋ ಮಾಂಸಖಂಡಕ್ಕೇ ಕೈ ಹಾಕತ್ತೆ. ರಾತ್ರಿ ಏಳೂವರೆ-ಎಂಟರ ಒಳಗೆ ಒಂದು ಜೋಳದ ರೊಟ್ಟಿ, ಧಾರಾಳವಾಗಿ ಕಾಳುಪಲ್ಯ, ಸೊಪ್ಪು, ಆ ಮಜ್ಜಿಗೆ, ಅಥವಾ ಒಂದು ಮೊಟ್ಟೆ, ಆಮೇಲೆ ಬೀದಿಯಲ್ಲಿ 15-20 ನಿಮಿಷ ಓಡಾಟ, ಅಷ್ಟು ಸಾಕು.

ಡಾಕ್ಟರ ಹತ್ರ ಹೋಗೋ ಮುಂಚೆ ಒಂದು ಮೂರು ದಿನ ಹೀಗೆ ಬರ್ಕೊಳ್ಳಿ: ರಾತ್ರಿ ಮಲಗುವಾಗ ಎಷ್ಟು, ನಡುರಾತ್ರಿ ಮೂರಕ್ಕೆ ಅಲಾರಾಂ ಇಟ್ಟು ಎದ್ದು ನೋಡಿದ್ರೆ ಎಷ್ಟು, ಬೆಳಗ್ಗೆ ಎದ್ದ ತಕ್ಷಣ ಎಷ್ಟು. ಮಲಗುವಾಗಲೇ ಜಾಸ್ತಿ ಇದ್ರೆ ಊಟದ್ದೋ ಮಾತ್ರೆದೋ ಸಮಸ್ಯೆ, ಮೂರಕ್ಕೆ ಸರಿ ಇದ್ದು ಬೆಳಗ್ಗೆ ಏರಿದ್ರೆ ಡಾನ್ ಫಿನಾಮಿನನ್, ಮೂರಕ್ಕೆ 70ಕ್ಕಿಂತ ಕೆಳಗೆ ಬಂದ್ರೆ ಅಲ್ಲೇ ಮೂರು ಚಮಚ ಗ್ಲೂಕೋಸ್ ಪುಡಿ ಅಥವಾ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಬೆಳಗಾದ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ. ಪ್ರಜ್ಞೆ ಇಲ್ಲ ಅಂದ್ರೆ ಬಾಯಿಗೆ ಏನೂ ಹಾಕಬೇಡಿ, ಸೀದಾ ಆಸ್ಪತ್ರೆಗೆ. ಮಾತ್ರೆಯನ್ನ ನೀವಾಗೇ ನಿಲ್ಲಿಸೋದು, ಅರ್ಧ ಮಾಡೋದು ಬೇಡ, ಆ ಮೂರು ದಿನದ ಚೀಟಿ ನೋಡಿದ್ರೆ ಡಾಕ್ಟರಿಗೇ ಗೊತ್ತಾಗತ್ತೆ ಯಾವುದನ್ನ ಬದಲಿಸಬೇಕು ಅಂತ. ಮುಂದಿನ ಏಕಾದಶಿಗೆ ಏನು ಮಾಡಲಿ ಅಂತಲೂ ಅವತ್ತೇ ಕೇಳಿ, ಉಪವಾಸದ ದಿನ ಗ್ಲಿಮೆಪಿರೈಡ್ ಬೇಕಾ ಬೇಡ್ವಾ ಅನ್ನೋದನ್ನ ಅವರೇ ಹೇಳಬೇಕು, ಫಲಾಹಾರ ಮಾಡ್ಕೊಂಡು ಇರಬಹುದಾ ಅಂತಲೂ ಕೇಳಿ.

ಜೊತೆಗೆ ಸೀರಮ್ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡ್ತಿದೆ ಅಂತ ತೋರಿಸೋ ರಕ್ತಪರೀಕ್ಷೆ) ಮಾಡಿಸಿ ಎಷ್ಟು ದಿನ ಆಯ್ತು ನೋಡ್ಕೊಳ್ಳಿ. ಕಿಡ್ನಿ ಗ್ಲೂಕೋಸ್ ಮಾಡೋದರ ಜೊತೆಗೆ ರಕ್ತದಲ್ಲಿರೋ ಇನ್ಸುಲಿನ್ನನ್ನ ತೆಗೆದುಹಾಕೋ ಕೆಲಸಾನೂ ಮಾಡತ್ತೆ, ಮೆಟ್‌ಫಾರ್ಮಿನ್ ಹೊರಗೆ ಹೋಗೋದೂ ಅಲ್ಲಿಂದಲೇ. ಕಿಡ್ನಿ ಸ್ವಲ್ಪ ಮಂದ ಆಗಿದ್ರೂ ಗ್ಲಿಮೆಪಿರೈಡ್ ಪರಿಣಾಮ ಹೆಚ್ಚು ಹೊತ್ತು ನಿಲ್ಲತ್ತೆ, ಮೆಟ್‌ಫಾರ್ಮಿನ್ ಡೋಸೂ ಬದಲಾಯಿಸಬೇಕಾಗಬಹುದು. ಆರು ತಿಂಗಳು ದಾಟಿದ್ರೆ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಪರೀಕ್ಷೆ) ಜೊತೆ ಅದನ್ನೂ ಒಂದೇ ಸಲ ಮಾಡಿಸಿಬಿಡಿ.